ಕಾರ್ಖಾನೆಯಿಂದ ಇಳಿದ ಹಾಗೆ

ಕನ್ನಡಕದ ಅಂಗಡಿಯವನಿಗೆ ಹಳೇ ಕಾರಿನ ಹುಚ್ಚು. ಹುಚ್ಚೆಂದರೆ ಅಂತಿಂಥದ್ದಲ್ಲ; ಚಳಿ ಬಿದ್ದರೆ ಮೊದಲು ಕಾರಿಗೆ ಕಂಬಳಿ, ಆಮೇಲೆ ಹೆಂಡತಿಗೆ. ಎದುರಿಗೆ ಗಿರಾಕಿ ಅಕ್ಷರ ಕಾಣದೆ ಕಣ್ಣು ಕಿರಿದು ಮಾಡಿಕೊಂಡು ಕೂತಿದ್ದರೂ ಇವನು ಯಾವುದೋ ಬಂಪರಿನ ಫೋಟೊ ಹುಡುಕುತ್ತಿರುತ್ತಿದ್ದ. ಉದ್ದ ಮೂತಿ, ದುಂಡು ಹೊಟ್ಟೆ, ಕಪ್ಪೆಗಣ್ಣಿನಂಥ ದೀಪಗಳು. ಆ ಕಾರು ಬೀದಿಗಿಳಿದರೆ ಸಾಕು, ಜನ ತಿರುತಿರುಗಿ ನೋಡುತ್ತಿದ್ದರು. ತನ್ನನ್ನು ಯಾರೂ ಹಾಗೆ ತಿರುಗಿ ನೋಡಿದ್ದಿಲ್ಲ ಎಂಬುದು ಅವನಿಗೂ ಗೊತ್ತಿತ್ತು.

ಕಾರನ್ನು ಕೊಂಡದ್ದು ಹೊಲಿಗೆ ಕಲಿಸುತ್ತಿದ್ದ ಟೀಚರಮ್ಮನಿಂದ. ಗಂಡ ತೀರಿಕೊಂಡ ಮೇಲೆ ಆಕೆ ಚಿಕ್ಕ ಮನೆಗೆ ಹೋದರು. ಅಲ್ಲಿ ಕಾರು ನಿಲ್ಲಿಸಲು ಜಾಗವಿರಲಿಲ್ಲ. ಚೆನ್ನಾಗಿ ನೋಡಿಕೋ ಅಂದರು, ಯಾವಾಗಲಾದರೂ ಒಂದು ಸಲ ಕೂರಿಸಿಕೊಂಡು ಸುತ್ತಾಡಿಸು ಅಂದರು. ಇವನು ಎರಡಕ್ಕೂ ತಲೆಯಾಡಿಸಿದ.

ನೋಡಿಕೊಂಡ, ಅದರಲ್ಲಿ ಎರಡು ಮಾತಿಲ್ಲ. ಹಳೇ ಕಾರಿನವರ ಕೂಟದ ಸ್ಪರ್ಧೆಗೆ ಒಂದು ಕಟ್ಟುಪಾಡಿತ್ತು. ಕಾರು ಕಾರ್ಖಾನೆಯಿಂದ ಇಳಿದ ದಿನ ಹೇಗಿತ್ತೋ ಹಾಗೇ ಇರಬೇಕು; ಆಮೇಲೆ ಸೇರಿಸಿದ ಒಂದೊಂದಕ್ಕೂ ಅಂಕ ಕಡಿತ. ಇವನ ಕಾರಿನಲ್ಲೋ, ಮುಂದಿನ ಸೀಟುಗಳ ನಡುವೆ ಒಂದು ಕಬ್ಬಿಣದ ಸರಳು ಎದ್ದು ನಿಂತಿತ್ತು. ಅಡ್ಡಾದಿಡ್ಡಿ ಬೆಸುಗೆ, ಹಿಡಿಗೆ ಸುತ್ತಿದ ಸೈಕಲ್ ಟ್ಯೂಬು, ಇನ್ನೊಂದು ತುದಿ ಕೆಳಗೆ ಕ್ಲಚ್ಚಿಗೆ ಸೇರಿತ್ತು. ಯಾವನೋ ತಲೆಕೆಟ್ಟ ಮೆಕ್ಯಾನಿಕ್ಕಿನ ಕೆಲಸ ಎಂದು ಬೈದುಕೊಂಡು ಕತ್ತರಿಸಿ ಗುಜರಿಗೆ ಹಾಕಿದ. ಅದು ಯಾಕಿತ್ತು ಎಂದು ಆಕೆಯನ್ನು ಒಂದು ಮಾತು ಕೇಳಲಿಲ್ಲ. ಕೂಟದಲ್ಲಿ ಮೊದಲ ಬಹುಮಾನವೂ ಬಂತು, ಮಹಾರಾಯ ನೆಲದ ಮೇಲೆ ನಿಲ್ಲಲಿಲ್ಲ.

ಅದೇ ಗುಂಗಿನಲ್ಲಿ ಟೀಚರಮ್ಮನ ಮನೆ ಮುಂದೆ ಕಾರು ತಂದು ನಿಲ್ಲಿಸಿದ. ಹೊಗಳಿಕೆ ಬೇಕಿತ್ತು, ಇನ್ನೇನು. ಆಕೆ ತಲೆ ಬಾಚಿಕೊಂಡು ಬಂದು ಬಾನೆಟ್ ಸವರಿದರು, ಬಣ್ಣ ಮೆಚ್ಚಿಕೊಂಡರು, ಒಳಗೆ ಕೂತರು. ಕೂತದ್ದೇ ತಡ, ಅವರ ಕೈ ತಾನಾಗಿ ಸೀಟಿನ ಪಕ್ಕಕ್ಕೆ ಇಳಿದು ಹೊಸ ಕಾರ್ಪೆಟ್ಟಿನ ಮೇಲೆ ತಡಕಾಡಿತು.

“ಇಲ್ಲೊಂದು ಹಿಡಿ ಇತ್ತಲ್ಲಪ್ಪ?”

ಇವನು ಪಾಲಿಶ್ ಮಾಡಿಸೋಕೆ ಕೊಟ್ಟಿದ್ದೇನೆ ಎಂದುಬಿಟ್ಟ. ಆಕೆಯ ಮುಖ ಅರಳಿತು. ತಮ್ಮ ಯಜಮಾನರಿಗೆ ಚಿಕ್ಕಂದಿನಿಂದಲೂ ಎಡಗಾಲು ಸ್ವಾಧೀನವಿರಲಿಲ್ಲ, ಹಾಗಾಗಿ ಎಡಗಾಲಲ್ಲಿ ತುಳಿಯಬೇಕಾದ ಕ್ಲಚ್ಚು ತಮ್ಮ ಪಾಲಿನ ಕೆಲಸ ಎಂದರು. ಅವರು ‘ಹೂಂ’ ಅಂದರೆ ಇವರು ಹಿಡಿ ಎಳೆಯಬೇಕು, ಅವರು ಗೇರು ಹಾಕಬೇಕು. ಜಗಳವಾಡಿ ಮಾತು ಬಿಟ್ಟ ದಿನವೂ ಆ ‘ಹೂಂ’ ತಪ್ಪುತ್ತಿರಲಿಲ್ಲವಂತೆ. ಬರಬರುತ್ತಾ ಅದೂ ಬೇಕಾಗಲಿಲ್ಲ. ಇಂಜಿನ್ನಿನ ಸದ್ದು ಏರಿ ಅವರ ಕೈ ಗೇರಿಗೆ ಹೋದರೆ ಇವರ ಕೈಗೇ ಗೊತ್ತಾಗುತ್ತಿತ್ತು.

“ಪಾಲಿಶ್ ಆಗಿ ಬಂದ್ಮೇಲೆ ಹೋಗೋಣ ಬಿಡು. ನೀನು ಹೂಂ ಅನ್ನು, ನಾನು ಎಳೀತೀನಿ.”

ಸುಳ್ಳನ್ನು ಇನ್ನೂ ಎಳೆಯಲು ಇವನಿಗೆ ಮುಖವಿರಲಿಲ್ಲ. ಭೂಮಿ ಬಾಯಿ ಬಿಟ್ಟಿದ್ದರೆ ಕಾರಿನ ಸಮೇತ ಇಳಿದುಹೋಗುತ್ತಿದ್ದ. ಸ್ಟೀರಿಂಗನ್ನೇ ನೋಡುತ್ತಾ ಹೇಳಿದ: “ಅದು ಇಲ್ಲಮ್ಮ. ಕತ್ತರಿಸಿ ಗುಜರಿಗೆ ಹಾಕ್ಬಿಟ್ಟೆ. ಬಹುಮಾನಕ್ಕೋಸ್ಕರ.”

ಆಕೆ ಕಾರ್ಪೆಟ್ಟಿನ ಮೇಲಿದ್ದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡರು. ಆಮೇಲೆ ಇವನನ್ನೇ ಸಮಾಧಾನ ಮಾಡತೊಡಗಿದರು. ಹೋಗಲಿ ಬಿಡು, ನೋಡಲು ಅಸಹ್ಯವಾಗಿಯೇ ಇತ್ತು, ಯಾರಾದರೂ ಹತ್ತಿದರೆ ನಮ್ಮ ಯಜಮಾನರೂ ಅದರ ಮೇಲೆ ಟವೆಲು ಮುಚ್ಚುತ್ತಿದ್ದರು ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಈ ಸಮಾಧಾನ ಅವನಿಂದ ತಡೆಯಲಾಗಲಿಲ್ಲ.

ಬಂದದ್ದಾಯಿತಲ್ಲ, ಒಂದು ಸುತ್ತು ಹಾಕಿಸು ಎಂದರು ಆಕೆ. ಕಾರು ಹೊರಟಿತು. ಇಂಜಿನ್ನಿನ ಸದ್ದು ಏರಿ ಇವನು ಎರಡನೇ ಗೇರಿಗೆ ಹಾಕಿದಾಗ, ಪಕ್ಕದಲ್ಲಿ ಆಕೆಯ ಮುಷ್ಟಿ ಬರಿಗಾಳಿಯನ್ನು ಹಿಡಿದು ಹಿಂದಕ್ಕೆ ಎಳೆಯಿತು. ಆಕೆಗೆ ಅದರ ಅರಿವೇ ಇರಲಿಲ್ಲ, ಕಿಟಕಿಯಾಚೆ ನೋಡುತ್ತಿದ್ದರು. ಇನ್ನೊಂದು ಸಲ ಅದನ್ನು ನೋಡುವ ಧೈರ್ಯ ಇವನಿಗೆ ಬರಲಿಲ್ಲ. ಹಿಂದಿನ ಗಾಡಿಗಳು ಹಾರ್ನ್ ಹೊಡೆದವು, ಪಕ್ಕದಲ್ಲೇ ಹಾದುಹೋದವನೊಬ್ಬ ಗಾಡಿ ಓಡಿಸೋಕೆ ಬರಲ್ವಾ ಎಂದು ಬೈದ. ಇಂಜಿನ್ನು ಅರಚುತ್ತಿದ್ದರೂ ಅವನು ಆಕೆಯ ಮನೆ ಮುಟ್ಟುವತನಕ ಗೇರು ಬದಲಿಸಲಿಲ್ಲ.