ಸೋಮವಾರದ ಬಂಡಿ ಎಣಿಕೆ

ನಮ್ಮ ಭಾಗದಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅದು ಬಸವಣ್ಣನ ವಾರ. ಇಂಥ ವಾರಗಳಲ್ಲಿ ನನಗೆ ನಂಬಿಕೆಯಿಲ್ಲ. ಕಾಲೇಜಿನ ಚರ್ಚಾಕೂಟದಲ್ಲಿ ಇದೇ ವಿಷಯ ಹಿಡಿದು ಎದುರಾಳಿಗಳ ಬಾಯಿ ಮುಚ್ಚಿಸಿದವನು ನಾನು. ಆದರೆ ತಿಕೋಟಾದ ರೈತರು ನನ್ನ ಭಾಷಣ ಕೇಳಿ ಬಂಡಿ ಹೂಡುವವರಲ್ಲ. ಇಷ್ಟು ಸರಳ ಸಂಗತಿ ಒಂದು ಸಮೀಕ್ಷೆಯ ತಲೆಗೆ ಹೋಗಲಿಲ್ಲ.

ಬಿ.ಎ. ಮುಗಿಸಿ ವಿಜಾಪುರದ ಇಬ್ರಾಹಿಂಪುರದಲ್ಲಿ ಅಪ್ಪನ ಕಣ್ಣು ತಪ್ಪಿಸಿಕೊಂಡು ಓಡಾಡುತ್ತಿದ್ದ ದಿನಗಳವು. ರಸ್ತೆಗಳ ಸಂಚಾರ ಎಣಿಸಲು ದಿನಗೂಲಿಗೆ ಓದಿದ ಹುಡುಗರು ಬೇಕೆಂದು ಸುದ್ದಿ ಬಂತು. ಬಂಡಿ, ಲಾರಿ, ಬಸ್ಸು, ಸೈಕಲ್ಲು ಹೆಚ್ಚು ಓಡಾಡುವ ದಾರಿಗೆ ಖಡಿ ಬೀಳುತ್ತದೆ, ಉಳಿದದ್ದು ಮಣ್ಣಾಗಿಯೇ ಇರುತ್ತದೆ. ತಿಕೋಟಾದಿಂದ ಬಬಲೇಶ್ವರಕ್ಕೆ ಹೋಗುವ ಎರೆಮಣ್ಣಿನ ದಾರಿಯೂ ಅದರಲ್ಲಿ ಸೇರಿದೆ ಎಂದು ಕೇಳಿದ ಮೇಲೆಯೇ ನಾನು ಹೆಸರು ಕೊಟ್ಟದ್ದು.

ಕಾರಣ ಅಕ್ಕ. ಅವಳನ್ನು ತಿಕೋಟಾಕ್ಕೆ ಕೊಟ್ಟಿದ್ದೆವು. ಆ ದಾರಿಯಲ್ಲಿ ಒಂದು ಹರದಾರಿ ಆಚೆಯ ಹಳ್ಳಿಯಲ್ಲಿ ಅವಳು ಸಾಲಿ ಕಲಿಸುತ್ತಿದ್ದಳು. ಬೆಳಿಗ್ಗೆ ಆ ಕಡೆ ಹೊರಟ ಯಾವುದಾದರೂ ಬಂಡಿ ಹತ್ತುವಳು, ಸಂಜೆ ಇನ್ನೊಂದರಲ್ಲಿ ಮರಳುವಳು. ಮಳೆಗಾಲದಲ್ಲಿ ಗಾಲಿ ಹೂತು ಬಂಡಿ ನಿಲ್ಲುತ್ತಿದ್ದವು, ಅವಳು ಮೊಳಕಾಲುದ್ದ ಕೆಸರಿನಲ್ಲಿ ಕತ್ತಲಾದ ಮೇಲೆ ಮನೆ ಸೇರುತ್ತಿದ್ದಳು. ಬರುವ ಮಳೆಗಾಲದೊಳಗೆ ದಾರಿ ಮಂಜೂರಾಗಿ ಬಸ್ಸಿನ ಭರವಸೆ ಸಿಕ್ಕರೆ ನೌಕರಿ, ಇಲ್ಲದಿದ್ದರೆ ಮನೆ. ಇದು ಅವಳ ಮಾವನವರ ಕರಾರು.

ಒಂದು ದಾರಿಗೆ ಒಂದು ದಿನ ಎಂದು ಎಲ್ಲೋ ಕುಳಿತವರು ಗೊತ್ತು ಮಾಡಿದ್ದರು. ಈ ದಾರಿಯ ಪಾಲಿಗೆ ಸೋಮವಾರ ಬಂತು.

ಬೆಂಗಳೂರಿನಿಂದ ಬಂದ ಮೇಲ್ವಿಚಾರಕರು ತಿಕೋಟಾದ ಹೊರಗೆ, ದಾರಿ ಕವಲೊಡೆಯುವಲ್ಲಿ, ಬೇವಿನ ಮರದಡಿ ಕುರ್ಚಿ ಹಾಕಿಸಿಕೊಂಡರು. ನಾನು ಪಕ್ಕದಲ್ಲಿ ಹಾಳೆ ಹಿಡಿದು ಕುಳಿತೆ. ದಾರಿ ಬಿಕೋ ಎನ್ನುತ್ತಿತ್ತು. ಎದುರಿನ ಚಹಾದಂಗಡಿಯವನು ಸ್ವಲ್ಪ ಹೊತ್ತು ನೋಡಿ ಕೇಳಿದ: “ಸೋಮಾರ ಬಂಡಿ ಎಣಸಾಕ ಕುಂತೀರೇನ್ರಿ ಸಾಹೇಬ್ರ? ಹಂಗಾರ ಐತಾರ ಬಂದು ಸಾಲಿ ಹುಡುಗ್ರನ್ನೂ ಎಣಿಸಿ ಹೋಗ್ರಿ.”

ಬಾಕಿನ ಮೇಲೆ ಕುಳಿತವರೆಲ್ಲ ನಕ್ಕರು. ಸಾಹೇಬರು ನಕ್ಕು, ಸರಕಾರದ ರಜೆ ಪಟ್ಟಿಯಲ್ಲಿ ಎತ್ತುಗಳ ರಜೆ ಇಲ್ಲವಲ್ಲಪ್ಪ ಎಂದರು.

ನಾನು ವಾದಕ್ಕೆ ನಿಂತೆ. ಎಣಿಸುವುದು ದಾರಿಯನ್ನೋ, ವಾರವನ್ನೋ ಎಂದೆ. ಬಂಡಿಯನ್ನೇ ನಂಬಿದ ಊರಿನಲ್ಲಿ ಬಂಡಿ ಹೂಡದ ದಿನ ಆರಿಸಿಕೊಂಡು ಬಂಡಿಯಿಲ್ಲ ಎಂದು ಬರೆದರೆ ಅದು ಲೆಕ್ಕವೇ ಅಲ್ಲ ಎಂದೆ. ನಾಳೆ ಒಂದು ದಿನ ಕುಳಿತುಕೊಳ್ಳೋಣ, ನನಗೆ ಕೂಲಿ ಬೇಡ ಎಂದೂ ಹೇಳಿದೆ. ಅವರು ಒಂದು ಮಾತಿಗೂ ಅಡ್ಡ ಬರದೆ ಕೇಳಿದರು. ಕೊನೆಗೆ, “ತುಂಬಾ ಚೆನ್ನಾಗಿ ಮಾತಾಡ್ತೀಯ. ಲಾ ಓದು,” ಎಂದರು. ಮರುದಿನ ಅವರ ಜೀಪು ಸೊಲ್ಲಾಪುರ ರಸ್ತೆಯ ಎಣಿಕೆಗೆ ಹೋಗಬೇಕಿತ್ತು. ಸುಳ್ಳು ಬಂಡಿ ಬರೆಯಲು ನನಗೇನೂ ಅಳುಕಿರಲಿಲ್ಲ, ಅವರ ಕುರ್ಚಿ ನನ್ನ ಮೊಣಕೈಗೆ ತಾಗಿಕೊಂಡಿತ್ತು, ಅಷ್ಟೇ.

ಅಷ್ಟರಲ್ಲಿ ಅಕ್ಕ ಬಂದಳು. ಸೋಮವಾರ ಅವಳಿಗೂ ಬಂಡಿಯಿಲ್ಲ, ನಡಿಗೆಯೇ. ಬಗಲಲ್ಲಿ ಛತ್ರಿ, ಕೈಯಲ್ಲಿ ಬುತ್ತಿಗಂಟು.

“ಎಣಸಾಕತ್ತಿಯೇನೋ? ನನ್ನೂ ಬರ್ಕೋ ಮತ್ತ,” ಎಂದು ನಗುತ್ತ ಮುಂದೆ ಹೋದಳು.

ಹಾಳೆಯಲ್ಲಿ ನಡೆಯುವವರಿಗೆ ಜಾಗವಿರಲಿಲ್ಲ. ಎಲ್ಲಿ ಬರೆಯಲಿ ಎಂದು ಕೇಳಿದೆ. “ನಡೆಯೋರಿಗೆ ಡಾಂಬರು ಯಾಕಪ್ಪ, ಕಾಲು ಸುಡುತ್ತೆ,” ಎಂದರು ಸಾಹೇಬರು. ಕೆಟ್ಟ ಮನುಷ್ಯರಲ್ಲ, ಮಧ್ಯಾಹ್ನ ತಮ್ಮ ಡಬ್ಬಿಯಲ್ಲಿ ನನಗೂ ಪಾಲು ಕೊಟ್ಟರು. ಕೆಟ್ಟವರಾಗಿದ್ದರೆ ಜಗಳಕ್ಕಾದರೂ ಒಂದು ಅರ್ಥವಿರುತ್ತಿತ್ತು.

ಮುಂಗಾರು ಹಿಡಿಯುವ ಮಿರಗದ ಮಳೆಗೆ ಮುಂಚೆಯೇ ಗೊತ್ತಾಯಿತು: ಸಂಚಾರ ಸಾಲದು, ದಾರಿಯನ್ನು ಕೈಬಿಡಲಾಗಿದೆ.

ನಾನು ತಿಕೋಟಾಕ್ಕೆ ಹೋದೆ. ಅಕ್ಕನ ಮಾವನವರ ಮುಂದೆ ಕುಳಿತು ಎಣಿಕೆ ಹೇಗೆ ತಪ್ಪು, ಅವಳು ಕಲಿಸುವ ಮಕ್ಕಳು ಎಂಥವರು, ಎಲ್ಲವನ್ನೂ ಹೇಳಿದೆ. ಅವರೂ ಸಮಾಧಾನದಿಂದ ಕೇಳಿದರು. “ತಮ್ಮಾ, ಮಾತಿನ್ಯಾಗ ನೀನ ಗೆದ್ದಿ. ಬಸ್ಸು ಎಲ್ಲೈತಿ, ತೋರ್ಸು,” ಎಂದು ಎದ್ದು ಹೊಲಕ್ಕೆ ಹೋದರು.

ಅಕ್ಕ ರಾಜೀನಾಮೆ ಕೊಟ್ಟು ಎರಡು ದಿನವಾಗಿತ್ತಂತೆ. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಮೇಲಿನವರಿಗೆ ಅರ್ಜಿ ಬರೆಯುತ್ತೇನೆ, ಪತ್ರಿಕೆಗೂ ಬರೆಯುತ್ತೇನೆ ಎಂದು ನಾನಿನ್ನೂ ಮಾತಾಡುತ್ತಲೇ ಇದ್ದೆ. ಅವಳು ನನ್ನ ತಾಟಿಗೆ ಬಿಸಿ ರೊಟ್ಟಿ ಹಾಕಿದಳು.

“ಸಾಕ್ ಬಿಡೋ. ಆ ದಾರ್ಯಾಗ ಯಾರೂ ಅಡ್ಡಾಡೂದಿಲ್ಲ ಅಂತ ನೀವ ಬರ್ಕೊಂಡು ಹೋದ್ರಿ. ಈಗ ಖರೇ ಆತ ನೋಡು.”