ಪೂಜೆಯ ಹೊತ್ತಿಗೆ ಕಾಣದ ಅಕ್ಕ

ಕಿಟಕಿಯಲ್ಲಿ ಬೆಳಕು ಇನ್ನೂ ಸರಿಯಾಗಿ ಮೂಡಿಲ್ಲ. ಮಂಚದ ಮೇಲಿನ ಅಜ್ಜಿಯ ಬೆನ್ನಿನಡಿ ಒಂದು ಕೈ ತೂರಿಸಿ, ಮಡಿಚಿದ ಮೊಣಕಾಲಿನ ಹಿಂದೆ ಇನ್ನೊಂದು ಕೈ ಇಟ್ಟು, "ಉಸಿರು ಬಿಡಿ ಅಜ್ಜಿ" ಎನ್ನುತ್ತಾರೆ ಅಕ್ಕ. ಅಜ್ಜಿ ಉಸಿರು ಬಿಟ್ಟು ಮುಗಿಸುವಷ್ಟರಲ್ಲಿ ಮಗ್ಗುಲು ಬದಲಾಗಿದೆ. ಒದ್ದೆ ಬಟ್ಟೆ ಅರ್ಧ ಸುರುಳಿ ಸುತ್ತಿಕೊಂಡು, ಅದರ ಬೆನ್ನಿಗೇ ಒಣ ಬಟ್ಟೆ ಹಾಸಿಕೊಂಡಿದೆ. ಮೈಗೆ ಅಂಗೈ ತಗುಲಿದ್ದೇ ತಡ, ಅಜ್ಜಿಯ ಗೊಣಗಾಟ ಶುರು.

"ನಿನ್ನ ಕೈ ಏನೇ ಇಷ್ಟು ತಣ್ಣಗೆ? ನನ್ನನ್ನ ಇವತ್ತೇ ಕಳಿಸ್ಬೇಕು ಅಂತಿದ್ದೀಯಾ?"

"ನಿಮ್ಮ ಬಾಯಿ ಇಷ್ಟು ಬಿಸಿ ಇರೋವಾಗ ಮೇಲೆ ಯಾರೂ ನಿಮ್ಮನ್ನ ಒಳಗೆ ಬಿಟ್ಕೊಳ್ಳಲ್ಲ ಬಿಡಿ" ಎಂದು ಅಕ್ಕ ಟವೆಲ್ ಹಿಂಡುತ್ತಾರೆ.

ಐವತ್ತು ದಾಟಿದ ಈ ಹೆಂಗಸಿನ ಕೆಲಸ, ಹಾಸಿಗೆ ಹಿಡಿದವರ ಮೈ ತೊಳೆಯುವುದು. ವಾರದ ದಿನಗಳಲ್ಲಿ ಮೂರು ಮನೆ ಸುತ್ತುತ್ತಾರೆ. ಭಾನುವಾರ ಮಾತ್ರ ಇದೊಂದೇ ಮನೆ, ಮನೆಯವರು ಚರ್ಚಿನಿಂದ ವಾಪಸಾಗುವವರೆಗೆ. ಕೆಮ್ಮು ಬಂದರೆ ಅಜ್ಜಿಯನ್ನು ತಕ್ಷಣ ಎತ್ತಿ ಕೂರಿಸಬೇಕು, ಒಂಟಿಯಾಗಿ ಬಿಡುವ ಹಾಗಿಲ್ಲ. ಈ ಅಜ್ಜಿಗಿಂತ ಮೊದಲು ಬೇರೆಯವರಿದ್ದರು, ಅವರಿಗಿಂತ ಮೊದಲು ಇನ್ನೊಬ್ಬರು. ಹೀಗಾಗಿ ಚರ್ಚಿನ ಸುತ್ತಮುತ್ತ ಎಲ್ಲರ ಬಾಯಲ್ಲೂ ಇವರು 'ಭಾನುವಾರದ ಅಕ್ಕ'.

ಇದೆಲ್ಲ ಶುರುವಾದದ್ದು ಅತ್ತೆಯಿಂದ. ಮಾತು ಬಿದ್ದುಹೋಗಿದ್ದ ಅತ್ತೆಯನ್ನು ವರ್ಷಗಟ್ಟಲೆ ನೋಡಿಕೊಂಡು ಮಣ್ಣು ಮಾಡಿದ ಮೇಲೆ ಪಕ್ಕದ ಮನೆಯಾಕೆ ಬಂದು, ಒಂದೇ ಒಂದು ಭಾನುವಾರ ನಮ್ಮಪ್ಪನ ಹತ್ತಿರ ಕೂರುತ್ತೀಯಾ, ನಾವೆಲ್ಲ ಒಟ್ಟಿಗೆ ಪೂಜೆಗೆ ಹೋಗಿ ಎಷ್ಟು ಕಾಲವಾಯಿತು ಎಂದು ಕೇಳಿದ್ದರು. ಅಕ್ಕ ಹೂಂ ಎಂದರು. ಆ ಹೂಂ ಇವತ್ತಿನವರೆಗೂ ಮುಗಿದಿಲ್ಲ.

ಈ ಮನೆಯ ಯಜಮಾನ, ಅಜ್ಜಿಯ ಮಗ, ಚರ್ಚ್ ಸಮಿತಿಯ ಕಾರ್ಯದರ್ಶಿ. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಾಗಿಲಲ್ಲೇ ನಿಂತು, "ಹೋಗಿ ಬರ್ತೀವಮ್ಮ" ಎನ್ನುತ್ತಾರೆ. ಹೊಸ್ತಿಲು ದಾಟುವುದಿಲ್ಲ, ಕೋಣೆಯ ವಾಸನೆ ಅಂಗಿಗೆ ಹತ್ತೀತು. ಚರ್ಚಿನ ಗಂಟೆ ಬಾರಿಸುತ್ತದೆ. ಅಲ್ಲಿ ಮುಂದಿನ ಬೆಂಚು ತುಂಬುವ ಹೊತ್ತಿಗೆ ಇಲ್ಲಿ ಅಜ್ಜಿ ಬೆರಳಿಗೆ ಜಪಸರ ಸುತ್ತಿಕೊಂಡು "ಪರಲೋಕದಲ್ಲಿರುವ ನಮ್ಮ ತಂದೆಯೇ" ಎಂದು ತೊಡಗುತ್ತಾರೆ. ನಡುವೆ ಎಲ್ಲೋ ದಾರಿ ತಪ್ಪುತ್ತದೆ. ಅಕ್ಕ ಕಾಲ್ಬೆರಳ ಸಂದು ಒರೆಸುತ್ತಲೇ ಬಿಟ್ಟುಹೋದ ಸಾಲನ್ನು ಎತ್ತಿ ಕೊಡುತ್ತಾರೆ. ಫಾದರ್ ತಿಂಗಳಿಗೊಮ್ಮೆ ಮನೆಗೆ ಪೂಜೆಯ ರೊಟ್ಟಿಯಾದ ಪರಮಪ್ರಸಾದ ತರುತ್ತಾರೆ. ಅದರ ಚೂರನ್ನು ನಾಲಿಗೆಯ ಮೇಲಿಟ್ಟಾಗ, ಚಮಚದಲ್ಲಿ ನೀರು ಕೊಟ್ಟು ಅದು ಗಂಟಲಲ್ಲಿ ಇಳಿಯುವ ತನಕ ಗದ್ದ ಹಿಡಿದುಕೊಳ್ಳುವುದೂ ಇದೇ ಕೈ.

ಈ ಕೈ ಮಗುವೊಂದನ್ನು ಹಿಡಿಯಲು ಅರ್ಹವಲ್ಲ ಎಂದು ಸಮಿತಿ ಹೇಳಿದೆ.

ಅಕ್ಕನ ತಂಗಿ ಬೇಗ ತೀರಿಕೊಂಡರು. ಆಕೆಯ ಮಗಳನ್ನು ಸಾಕಿದ್ದು ಅಕ್ಕನೇ. ಆ ಹುಡುಗಿಗೆ ಈಗ ಹೆಣ್ಣುಮಗು. ಬರುವ ಭಾನುವಾರ ಅದರ ತಲೆಗೆ ನೀರು ಹಾಕಿ ಚರ್ಚಿಗೆ ಸೇರಿಸಿಕೊಳ್ಳುವ ಜ್ಞಾನಸ್ನಾನ. ಮಗುವನ್ನು ಹಿಡಿದು ನಿಲ್ಲುವ ಜ್ಞಾನತಾಯಿಯಾಗಿ ದೊಡ್ಡಮ್ಮನೇ ನಿಲ್ಲಬೇಕೆಂದು ಬಾಣಂತಿ ಹಟ ಹಿಡಿದಿದ್ದಾಳೆ. ಆದರೆ ಹಾಗೆ ನಿಲ್ಲುವವರು ಭಾನುವಾರದ ಪೂಜೆಗೆ ತಪ್ಪದೆ ಬರುವವರಾಗಿರಬೇಕೆಂಬುದು ಇಲ್ಲಿನ ನಿಯಮ. ಫೋಟೊಗೆ ಮಾತ್ರ ಬಂದು ನಿಲ್ಲುವವರನ್ನು ದೂರವಿಡಲು ಮಾಡಿದ್ದು. ಆ ನಿಯಮಕ್ಕೆ ಸಿಕ್ಕಿಬಿದ್ದವರು ಯಾರು ನೋಡಿ! ಭಾನುವಾರ ಇಲ್ಲಿರುವುದು ಒಂದೇ ಪೂಜೆ, ಅದು ಮುಗಿದರೆ ಫಾದರ್ ಇನ್ನೊಂದು ಊರಿಗೆ ಹೊರಡುತ್ತಾರೆ. ಬುಧವಾರ ಸಂಜೆಯ ಪೂಜೆಗೆ ಅಕ್ಕ ಬಂದು ಹಿಂದಿನ ಬಾಗಿಲ ಬಳಿ ಕೂರುವುದು ಲೆಕ್ಕಕ್ಕೆ ಬರುವುದಿಲ್ಲವಂತೆ. ಭಾನುವಾರ ಈಕೆಯನ್ನು ಚರ್ಚಿನಲ್ಲಿ ಒಂದು ದಿನವೂ ಕಂಡಿಲ್ಲ ಎಂದು ಸಭೆಯಲ್ಲಿ ಸಾಕ್ಷಿ ನುಡಿದವರು ಬೇರೆ ಯಾರೂ ಅಲ್ಲ, ಕಾರ್ಯದರ್ಶಿಗಳೇ. ಹೇಗೆ ಕಂಡಾರು? ಅಕ್ಕ ಅವರದೇ ಮನೆಯಲ್ಲಿ, ಅವರದೇ ತಾಯಿಯ ಬೆನ್ನು ಉಜ್ಜುತ್ತಿದ್ದರು. ನಿಶ್ಚಿಂತೆಯಿಂದ ಮೊಣಕಾಲೂರಿದ ಆ ಗಂಡಸಿಗೆ, ತನ್ನ ನಿಶ್ಚಿಂತೆ ಯಾರ ರಟ್ಟೆಯ ಮೇಲೆ ಕೂತಿದೆ ಎಂಬುದು ಹೊಳೆಯಲೇ ಇಲ್ಲ. ಫಾದರ್ ತಲೆ ತಗ್ಗಿಸಿ, ಶನಿವಾರ ಮತ್ತೆ ಸೇರೋಣ ಎಂದರಂತೆ. ತಲೆ ತಗ್ಗಿಸಬೇಕಾದವರು ಎತ್ತಿಕೊಂಡೇ ಕೂತಿದ್ದರು.

ಕೇಳಿದರೆ ಕಾರ್ಯದರ್ಶಿಗಳದು ಒಂದೇ ಮಾತು, ನಿಯಮ ಎಲ್ಲರಿಗೂ ಒಂದೇ. ಸುದ್ದಿ ಕಿವಿಗೆ ಬಿದ್ದ ದಿನ ಅಜ್ಜಿ ಮಗನನ್ನು ಕೋಣೆಯೊಳಗೆ ಕರೆಸಿಕೊಂಡರು.

"ಅವಳು ದೇವರ ಮುಂದೆ ಇರಲಿಲ್ಲ ಅಂದ್ಯಂತೆ. ಹಾಗಾದ್ರೆ ನಾನು ಯಾರ ಮುಂದೆ ಬಿದ್ದಿದ್ದೀನೋ ಇಲ್ಲಿ?"

ಮಗ ಅಂಗಿ ಕೊಡವಿಕೊಂಡು ಹೊರಗೆ ಹೋದರು.

ಅಕ್ಕನಿಗೆ ಸಿಟ್ಟಿಲ್ಲವೇ? ಇದೆ. ಆ ವಾರ ಬಕೆಟ್ಟುಗಳ ಸದ್ದು ಸ್ವಲ್ಪ ಜೋರಾಗಿತ್ತು ಎಂದು ಅಜ್ಜಿಯ ಸೊಸೆ ಗಮನಿಸಿದ್ದಾರೆ. ಆದರೆ ಕೆಲಸ ಬಿಡುವ ಮಾತು ಅಕ್ಕನ ಬಾಯಲ್ಲಿ ಬಂದಿಲ್ಲ. "ಅವರ ಮೇಲಿನ ಕೋಪಕ್ಕೆ ಇವರನ್ನ ಒದ್ದೆಯಲ್ಲಿ ಮಲಗಿಸಕ್ಕಾಗುತ್ತಾ?" ಎನ್ನುತ್ತಾರೆ. ದೊಡ್ಡಮ್ಮ ನಿಲ್ಲದಿದ್ದರೆ ಮಗುವನ್ನು ಎತ್ತಿಕೊಂಡು ವಾಪಸ್ ಬರುತ್ತೇನೆ ಎಂದ ಬಾಣಂತಿಯನ್ನೂ ಗದರಿದ್ದಾರೆ, ಮಗುವಿನ ಜ್ಞಾನಸ್ನಾನ ನನ್ನ ಮುಖಕ್ಕೆ ಕಾಯಬಾರದು ಎಂದು.

ಬೇಕಾದದ್ದೇನು ಎಂದು ಕೇಳಿದರೆ ಸೀರೆಯ ಸೆರಗಿಗೆ ಕೈ ಒರೆಸಿಕೊಳ್ಳುತ್ತಾರೆ. "ಫಾದರ್ ನೀರು ಹಾಕೋವಾಗ ಮಗು ಕತ್ತಿನ ಕೆಳಗೆ ನನ್ನ ಕೈ ಇರಬೇಕು. ಅಷ್ಟೇ ಆಸೆ. ಹಿಡಿಯೋಕೆ ಬರುತ್ತೆ ನಂಗೆ."

ಮತ್ತೆ ಆ ಹೊತ್ತಿಗೆ ಅಜ್ಜಿಯ ಹತ್ತಿರ ಯಾರು?

"ಮಗ ಕೂತ್ಕೊಳ್ಳಲಿ" ಎನ್ನುತ್ತಾರೆ ಅಕ್ಕ. "ಹೇಗೆ ತಿರುಗಿಸಿ ಮಲಗಿಸೋದು ಅಂತ ಗೊತ್ತಾಗ್ದಿದ್ರೆ ಅಜ್ಜಿಯೇ ಬೈದು ಹೇಳ್ಕೊಡ್ತಾರೆ."