ಹೆಣ್ಣು ನೋಡಲು ಹೋದಾಗ ಸಿಕ್ಕ ತಿಗಣೆ

ಎದುರಿಗೆ ಕೂತವರು ಬೆನ್ನು ಕೆರೆದುಕೊಂಡರೆ ನೀವು ತುಸು ದೂರ ಸರಿಯುತ್ತೀರಿ. ನಾನು ಹತ್ತಿರ ಸರಿಯುತ್ತೇನೆ. ಇದು ದುರಭ್ಯಾಸವೆಂದು ಗೊತ್ತು. ಆದರೆ ಪರರ ಮೈಮೇಲೆ ಬದುಕುವ ಜೀವಿಗಳೆಂದರೆ ನನಗೆ ತಡೆಯಲಾಗದ ಅಕ್ಕರೆ. ಅರವತ್ತರ ದಶಕದ ಮೊದಲಲ್ಲಿ ನಾನು ದಾಂಡೇಲಿಯಲ್ಲಿ ವಿಜ್ಞಾನದ ಮಾಸ್ತರನಾಗಿದ್ದೆ. ಬೇರೆಯವರು ಉಪ್ಪಿನಕಾಯಿ ಭರಣಿ ಇಡುವ ಗೂಡಿನಲ್ಲಿ ನಾನು ಸ್ಪಿರಿಟ್ಟಿನ ಬಾಟಲಿಗಳನ್ನು ಇಟ್ಟಿದ್ದೆ: ಎಮ್ಮೆಯ ಉಣ್ಣಿ, ನಾಯಿಯ ಚಿಗಟ, ಜೋಯಿಡಾದ ಕಾಡಿನಲ್ಲಿ ನನ್ನದೇ ಹಿಮ್ಮಡಿಯಿಂದ ಕಿತ್ತ ಜಿಗಣೆ. ಕುಲ, ಪ್ರಭೇದ ಎಂದು ವಿಂಗಡಿಸಿ ಸಾಲಾಗಿ ಜೋಡಿಸಿದ್ದೆ. ನೆಂಟರು ಚಹಾಕ್ಕೆ ಬಂದರೆ ಗೂಡಿಗೆ ಬೆನ್ನು ಮಾಡಿ ಕೂಡುತ್ತಿದ್ದರು.

ಈ ಜೀವಿಗಳ ವಿಕಾಸದ ಕಥೆ ಬಲು ಸೊಗಸು. ಲಾಡಿಹುಳುವನ್ನೇ ನೋಡಿ. ಅದರ ಪೂರ್ವಜರಿಗೆ ಬಾಯಿ, ಹೊಟ್ಟೆ ಎಲ್ಲ ಇದ್ದವಂತೆ. ಜೀರ್ಣವಾದ ಊಟದ ನಡುವೆಯೇ ಬಿಡಾರ ಸಿಕ್ಕಮೇಲೆ ಅವೆಲ್ಲ ಯಾಕೆಂದು ಒಂದೊಂದನ್ನೇ ಬಿಟ್ಟುಕೊಟ್ಟಿತು. ಬೇಸಿಗೆ ಸೂಟಿಗೆ ಮುಂಡಗೋಡದ ಕಾಕಾನ ಮನೆಗೆ ಹೋದಾಗ ನನ್ನ ಕೈಕಾಲುಗಳೂ ಅದೇ ಹಾದಿ ಹಿಡಿದಿದ್ದವು. ಕಾಕು ಕೈಗೆ ಕೊಡಲಿ ಕೊಟ್ಟು ಕಟ್ಟಿಗೆ ಒಡೆಯಲು ಹಚ್ಚಿದ್ದರಿಂದ ನನ್ನ ವಿಕಾಸ ಅಲ್ಲಿಗೇ ನಿಂತಿತು.

ಆ ಕಾಕಾನೇ ನನ್ನನ್ನು ಹಳಿಯಾಳಕ್ಕೆ ಹೆಣ್ಣು ನೋಡಲು ಕರೆದುಕೊಂಡು ಹೋದ. ಹಿಂದಿನ ಸಂಬಂಧಗಳೆಲ್ಲ ಬಾಟಲಿಗಳ ಸುದ್ದಿ ಕೇಳಿಯೇ ಮುರಿದಿದ್ದವು. ಬಸ್ಸಿನ ತುಂಬ ಅವನದು ಒಂದೇ ಮಾತು: “ಹುಳದ ಸುದ್ದಿ ತಗೀಬ್ಯಾಡ. ಲಗ್ನದ ಅಕ್ಕಿಕಾಳು ತಲಿಮ್ಯಾಲೆ ಬಿದ್ದಮ್ಯಾಲೆ ಏನರ ಹೇಳ್ಕೋ.”

ಹುಡುಗಿಯ ಅಜ್ಜ ಬಸಪ್ಪನವರು ಅಕ್ಕಿ ವ್ಯಾಪಾರಿಗಳು. ನನ್ನನ್ನು ಬೆತ್ತದ ಕುರ್ಚಿಯಲ್ಲಿ ಕೂಡಿಸಿದರು. ಹುಡುಗಿ, ಗಂಗಾ, ಅವಲಕ್ಕಿ ತಾಟು ಇಟ್ಟು, ತಲೆ ತಗ್ಗಿಸದೆ ನನ್ನನ್ನು ನೇರ ನೋಡಿದಳು. ಮದುವೆಯಾದರೆ ಇವಳನ್ನೇ ಆಗಬೇಕು ಎಂದು ನನಗೆ ಅಲ್ಲೇ ಅನಿಸಿಬಿಟ್ಟಿತು. ಅದೇ ಗಳಿಗೆಗೆ ಕುರ್ಚಿ ಕಚ್ಚಿತು.

ಇಂಥ ಹೊತ್ತಿನಲ್ಲಿ ಮರ್ಯಾದಸ್ಥ ವರ ಹಲ್ಲು ಕಚ್ಚಿಕೊಂಡು ನಗುತ್ತಾನೆ. ನಾನು ಎದ್ದು, ಕಿಸೆಯಿಂದ ಗಾಜಿನ ಕೊಳವೆ ತೆಗೆದು, ತಿಗಣೆಯನ್ನು ಅದರೊಳಗೆ ಇಳಿಸಿ, ಬೆಳಕಿಗೆ ಹಿಡಿದು, “ಅರೆ, ನಮ್ಮ ಮನ್ಯಾಗಿನ ಜಾತೀನ!” ಎಂದೆ. ಕಾಕಾ ಕಣ್ಣು ಮುಚ್ಚಿಕೊಂಡ.

ಅಜ್ಜನಿಗೆ ಮಾತ್ರ ಕುತೂಹಲ ಹುಟ್ಟಿತು. “ಅದನ್ನ ನೋಡಿ ಏನ ತಿಳಿಯೂದೈತ್ರಿ ಮಾಸ್ತರ?”

ಕೇಳಿದರೆ ಮುಗಿಯಿತು. “ಒಂದ ಜಾತಿ ಹೇನು ಎರಡು ಪ್ರಾಣಿ ಮೈಮ್ಯಾಲೆ ಇದ್ರ, ಎರಡಕ್ಕೂ ಹಿಂದ ಮುತ್ತಜ್ಜ ಒಬ್ಬನ ಅಂತ ತಿಳೀಬೇಕ್ರಿ. ಹೇನಿನ ವಂಶ ನೋಡಿ ಧಣಿ ವಂಶ ಹೇಳಬಹುದು.”

“ನಿಮ್ಮ ಮನಿ ತಗಣಿ, ನಮ್ಮ ಮನಿ ತಗಣಿ ಒಂದ ಏನು?”

“ಕೂದಲೆಳಿಯಷ್ಟೂ ಫರಕಿಲ್ರಿ,” ಎಂದೆ ಹೆಮ್ಮೆಯಿಂದ.

“ಹಂಗಾರ ಮುತ್ತಜ್ಜನೂ ಒಬ್ಬನ. ಬೆಡಗು ಒಂದ ಆತು. ಹುಡುಗಿ ನಿಮಗ ತಂಗಿ ಆಗಬೇಕು.”

ನಮ್ಮಲ್ಲಿ ಬೆಡಗು ಎಂದರೆ ವಂಶದ ಗುರುತು. ಒಂದೇ ಬೆಡಗಿನವರು ಅಣ್ಣತಂಗಿ, ಮದುವೆಯ ಮಾತೇ ಇಲ್ಲ. ನಮ್ಮೆರಡು ಮನೆಗಳ ಬೆಡಗು ಬೇರೆ ಬೇರೆಯೆಂದು ಹಿರಿಯರು ಮೊದಲೇ ಖಾತ್ರಿ ಮಾಡಿಕೊಂಡಿದ್ದರು. ಆದರೆ ಮದುವೆಗಾಗಿ ಮನುಷ್ಯ ಸುಳ್ಳು ಹೇಳಿಯಾನು, ತಿಗಣೆ ಯಾಕೆ ಹೇಳೀತು? ಅಜ್ಜನ ಮುಖದಲ್ಲಿ ಆ ಅನುಮಾನ ಸ್ಪಷ್ಟವಾಗಿತ್ತು.

ತಿದ್ದಲು ಹೋದೆ. “ತಗಣಿ ಹೇನಿನಂಗಲ್ರಿ. ಮೈಮ್ಯಾಲೆ ಇರೂದಿಲ್ಲ. ಹಾಸಗ್ಯಾಗ ಕುಂತು ಊರೂರು ತಿರಗತೈತಿ.”

“ಅಂದ್ರ ಎಲ್ಲಾರ ಮನ್ಯಾಗೂ ಅದ ಐತಿ! ಹಳಿಯಾಳಕ್ಕ ಹಳಿಯಾಳನ ಅಣ್ಣತಂಗಿ ಆತಲ್ರಿ. ಇನ್ನ ಯಾರೂ ಲಗ್ನಾ ಮಾಡ್ಕೊಳ್ಳೂಹಂಗಿಲ್ಲೇನು?”

ಒಂದು ಊರಿನ ಸಂತತಿಯನ್ನೇ ನಿಲ್ಲಿಸಿದ ಹೊಣೆ ಹೊತ್ತು ನಾನು ಕೊಳವೆ ಹಿಡಿದು ನಿಂತಿದ್ದೆ. ಕಾಕಾ “ಬರ್ತೇವ್ರಿ” ಎಂದು ಟೊಪ್ಪಿಗೆ ಇಟ್ಟುಕೊಂಡ. ಆಗ ಒಳಬಾಗಿಲಿನಿಂದ ಗಂಗಾ ಕೇಳಿದಳು:

“ಅಜ್ಜಾ, ಆಯಿ ಲಗ್ನಾಗಿ ಈ ಮನಿಗೆ ಬಂದಮ್ಯಾಲೆ ಆಕಿ ಬೆಡಗು ಯಾವ್ದು?”

“ನಮ್ದ. ಸೊಸಿಯಾಗಿ ಬಂದಾಕಿಗೆ ಮನಿ ಬೆಡಗ ಬೆಡಗು.”

“ಹಂಗಾರ ಹೊರಗಿಂದ ಬಂದು ಕುರ್ಚ್ಯಾಗ ಸೇರಿದ ತಗಣಿಗೂ ನಮ್ಮ ಮನಿ ಬೆಡಗ. ಅವರ ಮನಿ ಸೇರಿದ್ದಕ್ಕ ಅವರ ಬೆಡಗು. ಎರಡೂ ಒಂದ ಹೆಂಗಾತು?”

ಅಜ್ಜ ಕೊಳವೆಯನ್ನು ನೋಡಿದರು, ಮೊಮ್ಮಗಳನ್ನು ನೋಡಿದರು, ಆಮೇಲೆ ಹೊಟ್ಟೆ ಕುಣಿಯುವಂತೆ ನಕ್ಕರು. “ಸಕ್ಕರಿ ತರ್ರಿ,” ಎಂದರು. ಸಕ್ಕರೆ ಬಾಯಿಗೆ ಬಿತ್ತೆಂದರೆ ಸಂಬಂಧ ಗಟ್ಟಿ. ಪರೋಪಜೀವಿಗಳು ಧಣಿಯನ್ನು ಬದಲಿಸುತ್ತವೆ, ಬದಲಿಸಿದ ಮೇಲೆ ಹೊಸ ಮನೆಯ ರೀತಿಗೇ ಒಗ್ಗುತ್ತವೆ ಎಂದು ನನ್ನ ದಪ್ಪ ಪುಸ್ತಕದಲ್ಲೂ ಇತ್ತು. ನನ್ನದೇ ಮದುವೆ ಮುರಿಯುವ ಹೊತ್ತಿಗೆ ಅದು ನೆನಪಾಗಲಿಲ್ಲ, ಅಷ್ಟೆ.

ಗಂಗಾ ದಾಂಡೇಲಿಗೆ ಬರುವಾಗ ತವರಿನ ಗಾದಿಯೂ ಬಂತು. ಗಾದಿಯೊಳಗೆ ಯಾರು ಬಂದರೆಂದು ಹೇಳಬೇಕಾಗಿಲ್ಲ. ಒಂದು ರವಿವಾರ ಅವಳು ಗಾದಿಯನ್ನು ಬಿಸಿಲಿಗೆ ಹಾಕಿ ಬಡಿಯುತ್ತಿದ್ದಳು. ನಾನು ಅದರದೊಂದು, ನನ್ನ ಹಳೆಯ ಹೊರಸಿನದೊಂದು ತಿಗಣೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದೆ. ಯಾವುದು ಯಾವ ಮನೆಯದೆಂದು ತಿಳಿಯಲೇ ಇಲ್ಲ. ಸುಮ್ಮನಿರದೆ ಅವಳಿಗೆ ವಿಕಾಸದ ಕಥೆ ಹೇಳಿದೆ: ಇವು ಮೊದಲು ಬಾವಲಿಗಳ ರಕ್ತ ಕುಡಿದುಕೊಂಡಿದ್ದವಂತೆ, ನಮ್ಮ ಕವಳಾ ಗುಹೆಯಂಥ ಯಾವುದೋ ಗುಹೆಯಲ್ಲಿ ಮನುಷ್ಯ ಬಾವಲಿಗಳ ಕೆಳಗೆ ಮಲಗಿದ್ದೇ ತಡ, ಇಳಿದು ಬಂದವಂತೆ, ಅಂದಿನಿಂದ ನಮ್ಮ ಸಂಗ ಬಿಟ್ಟಿಲ್ಲವಂತೆ.

ಗಂಗಾ ಕೋಲು ನಿಲ್ಲಿಸಿದಳು. “ಹಂಗಾರ ಇವರು ಎಲ್ಲಾ ಬೀಗರಕಿಂತ ಹಳೇ ಬೀಗರು. ಬೀಗರು ಗಾದಿಮ್ಯಾಲೆ ಮಲಗ್ಲಿ, ನೀವು ನೆಲಕ್ಕ ಮಲಗ್ರಿ.”

ಮಲಗಿದೆ. ಬೀಗರು ಮರ್ಯಾದೆ ತಿಳಿದವರು. ನನ್ನೊಬ್ಬನನ್ನೇ ಕೆಳಗೆ ಬಿಡಲು ಮನಸ್ಸಾಗದೆ, ತಾವೂ ಇಳಿದು ಬಂದರು.